ಒಂದು ಚೀಲ ಹಿಟ್ಟಿನ ಉಳಿತಾಯ

ಮನೆಯ ಊಟದ ಖರ್ಚು ಕಡಿಮೆ ಮಾಡುವುದು ಬಹಳ ಸುಲಭ ಎಂಬ ಸತ್ಯ ನನಗೆ ಹೊಳೆದದ್ದು ಒಂದು ಭಾನುವಾರ ಮಧ್ಯಾಹ್ನ. ಆಗ ನಾನು ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೇಲೊಂದು ಬಟ್ಟಲು ಗಟ್ಟಿ ಮೊಸರು ಮುಗಿಸಿ ಕೂಲರ್ ಮುಂದೆ ಕಾಲು ಚಾಚಿ ಮಲಗಿದ್ದೆ. ಹೊಟ್ಟೆ ತುಂಬಿದ ಮನುಷ್ಯನಿಗೆ ಮಿತವ್ಯಯದ ವಿಚಾರಗಳು ಧಾರಾಳವಾಗಿ ಬರುತ್ತವೆ.

"ಶಿವಲೀಲಾ, ನಮ್ಮ ಮನ್ಯಾಗ ಪ್ಲಾನಿಂಗ್ ಅನ್ನೋದೇ ಇಲ್ಲ" ಎಂದೆ.

ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. "ಪ್ಲಾನಿಂಗ್ ಇಲ್ಲದ್ದಕ್ಕ ಬದನಿಕಾಯಿ ಮೂರು ಸಲ ಹಾಕಿಸ್ಕೊಂಡ್ರೇನು?" ಎಂದಳು.

ಇಲ್ಲಿ ನನ್ನ ಅರ್ಹತೆಯನ್ನು ಸ್ವಲ್ಪ ಹೇಳಿಕೊಳ್ಳಬೇಕು. ನಾನು ರಾಯಚೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ದಾಸ್ತಾನು ನೋಡಿಕೊಳ್ಳುವವನು. ಕಾಗದ, ಪೆನ್ನು, ಪೊರಕೆ ಎಲ್ಲವೂ ನನ್ನ ಸಹಿಯಿಲ್ಲದೆ ಕಪಾಟಿನಿಂದ ಹೊರಗೆ ಬರುವುದಿಲ್ಲ. ವರ್ಷಕ್ಕಾಗುವ ಫಿನಾಯಿಲ್ಲನ್ನು ಒಂದೇ ಸಲ ಸಗಟು ದರದಲ್ಲಿ ಖರೀದಿಸಿ, ವರ್ಷವಿಡೀ ಹನಿ ಹನಿಯಾಗಿ ವಿತರಿಸುವ ಪದ್ಧತಿ ತಂದವನೇ ನಾನು. ಫಿನಾಯಿಲ್ಲಿಗೆ ನಡೆಯುವ ನಿಯಮ ಅಡುಗೆಮನೆಗೆ ಯಾಕೆ ನಡೆಯಬಾರದು?

"ಆತು ಬಿಡ್ರಿ. ಇನ್ನ ಮ್ಯಾಲ ಸಂತಿ ನಿಮ್ಮದು, ಏನ್ ಅಡಗಿ ಅಂತ ಹೇಳೋರೂ ನೀವ. ನಾ ಬರೇ ಮಾಡಿ ಹಾಕ್ತೀನಿ" ಎಂದಳು ಶಿವಲೀಲಾ. ಆ ದನಿಯಲ್ಲಿ ಅಷ್ಟೊಂದು ಸಂತೋಷ ಯಾಕಿತ್ತು ಎಂದು ನಾನು ಆಗಲೇ ಯೋಚಿಸಬೇಕಿತ್ತು.

ಸಂಜೆಯೊಳಗೆ ಫ್ರಿಜ್ಜಿನ ಬಾಗಿಲಿಗೆ ವಾರದ ಊಟದ ವೇಳಾಪಟ್ಟಿ ಅಂಟಿತು. ಸೋಮವಾರ ರೊಟ್ಟಿ ಮತ್ತು ಹೆಸರುಕಾಳು, ಮಂಗಳವಾರ ರೊಟ್ಟಿ ಮತ್ತು ಪುಂಡಿಪಲ್ಯ, ಹೀಗೆ ಸಾಗಿ ಶನಿವಾರದ ಮುಂದೆ "ಉಳಿದದ್ದು" ಎಂದು ಬರೆದಿದ್ದೆ.

"ಏನೂ ಉಳೀದಿದ್ರ?" ಎಂದಳು.

"ಉಳೀಬೇಕು. ಪ್ಲಾನ್ ಅಂದ್ರ ಅದ!"

ಆ ಶನಿವಾರ ಏನೂ ಉಳಿದಿರಲಿಲ್ಲ. ವೇಳಾಪಟ್ಟಿಯನ್ನು ಗೌರವಿಸಿ ನಾವಿಬ್ಬರೂ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಮಂಡಕ್ಕಿ ತಿಂದು ಮಲಗಿದೆವು.

ತರಕಾರಿ ಖರೀದಿಯಲ್ಲೂ ಸುಧಾರಣೆ ತಂದೆ. ಶಿವಲೀಲಾ ಯಾವಾಗಲೂ ಅದೇ ಒಬ್ಬ ಕಾಯಿಪಲ್ಯದಾಕೆಯ ಹತ್ತಿರ ಕೊಳ್ಳುತ್ತಿದ್ದಳು. ನಾನು ಬಂಡಿಯಿಂದ ಬಂಡಿಗೆ ತಿರುಗಿ, ಎಲ್ಲಿ ಏನು ಅಗ್ಗವೋ ಅಲ್ಲಿ ಅದನ್ನು ಕೊಂಡು, ಬೆವರು ಒರೆಸುತ್ತಾ ವಿಜಯಿಯಾಗಿ ಮನೆಗೆ ಬಂದೆ. ಹೆಂಡತಿ ಚೀಲ ಸುರಿದು ನೋಡಿದಳು.

"ಕರಿಬೇವು ಎಲ್ಲಿ? ಕೊತ್ತಂಬ್ರಿ ಎಲ್ಲಿ?"

"ಯಾರೂ ಕೊಡಲಿಲ್ಲ."

"ಕೊಸರು ಕೇಳಬೇಕ್ರೀ! ಆಕಿ ನನಗ ದಿನಾ ಒಂದು ಹಿಡಿ ಹಂಗ ಹಾಕ್ತಾಳ."

ಮರುದಿನ ಸಾರಿಗೆ ಒಗ್ಗರಣೆ ಬೇಕೆಂದು ಕರಿಬೇವು ತರಲು ಹೋದೆ. ಬಿಸಿಲಿತ್ತು. ಆಟೋದಲ್ಲಿ ಹೋಗಿ ಆಟೋದಲ್ಲೇ ಬಂದೆ!

ಇವೆಲ್ಲ ಚಿಲ್ಲರೆ ಸೋರಿಕೆಗಳು. ದೊಡ್ಡ ಸೋರಿಕೆ ಗಿರಣಿಯಲ್ಲಿದೆ ಎಂಬುದನ್ನು ನಾನು ಬೇಗನೆ ಪತ್ತೆ ಹಚ್ಚಿದೆ. ನಮ್ಮ ಮನೆಗೆ ಅಕ್ಕಿಯ ಚಿಂತೆಯಿಲ್ಲ, ಮಾನ್ವಿಯ ನೆಂಟರೊಬ್ಬರು ಒಳ್ಳೆಯ ಸೋನಾ ಮಸೂರಿ ಕಳಿಸುತ್ತಾರೆ. ಆದರೆ ರೊಟ್ಟಿಯಿಲ್ಲದೆ ನಮಗೆ ಊಟ ಊಟವೇ ಅಲ್ಲ. ರೊಟ್ಟಿಗೆ ಬೇಕಾದ ಜೋಳವನ್ನು ಶಿವಲೀಲಾ ಒಂದು ಸಣ್ಣ ಡಬ್ಬಿಯಲ್ಲಿ ತುಂಬಿಕೊಂಡು ವಾರವಾರ ಗಿರಣಿಗೆ ಹೋಗುತ್ತಾಳೆ. ಹಿಟ್ಟಿನ ಜೊತೆಗೆ ಪಕ್ಕದ ಬಂಡಿಯ ಮಿರ್ಚಿ ಬಜಿಯೂ ಬರುತ್ತದೆ. ಎಷ್ಟು ಸಲ ಗಿರಣಿಯೋ ಅಷ್ಟು ಸಲ ಬಜಿ! ಗಿರಣಿಗೆ ಒಂದೇ ಸಲ ಹೋದರೆ ಬಜಿಯೂ ಒಂದೇ ಸಲ. ಇಷ್ಟು ಸರಳ ಲೆಕ್ಕ ಇಷ್ಟು ವರ್ಷ ಯಾರ ತಲೆಗೂ ಬಂದಿರಲಿಲ್ಲ.

ಅವಕಾಶವೂ ತಾನಾಗಿ ಬಂತು. ಶಿವಲೀಲಾ ತವರಿಗೆ, ಮಾನ್ವಿ ತಾಲ್ಲೂಕಿನ ಕುರ್ಡಿಗೆ ಹೊರಟಳು. ನನ್ನ ಅತ್ತೆ ಹನುಮವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರಾಯಚೂರಿನಲ್ಲಿ ಆಪರೇಷನ್ ಮಾಡಿಸೋಣ ಎಂದು ಮಗಳು ಬೇಡಿಕೊಳ್ಳುತ್ತಲೇ ಇದ್ದಳು. ಮುದುಕಿ ಒಪ್ಪುತ್ತಿರಲಿಲ್ಲ. "ನೋಡೋದೆಲ್ಲಾ ನೋಡೀನಿ, ಇನ್ನೇನ್ ನೋಡೋದದ?" ಎನ್ನುವುದು ಅವಳ ವಾದ.

ಹೆಂಡತಿ ಅತ್ತ ಹೋದ ಕೂಡಲೇ ನಾನು ಇತ್ತ ನನ್ನ ಹುಟ್ಟೂರು ದೇವದುರ್ಗದ ಸಂತೆಗೆ ಹೋದೆ. ಒಂದು ತುಂಬು ಚೀಲ ಬಿಳಿಜೋಳ ಕೊಂಡೆ. ರಾಯಚೂರಿಗಿಂತ ನಿಜವಾಗಿಯೂ ಅಗ್ಗ! ಬಸ್ಸಿಗೆ ಹತ್ತಿಸಲು ಒಬ್ಬ ಹಮಾಲ, ಇಳಿಸಲು ಇನ್ನೊಬ್ಬ ಹಮಾಲ, ಲಗೇಜ್ ಟಿಕೆಟ್ಟು, ಗಿರಣಿಯವರೆಗೆ ಆಟೋ. ಇವನ್ನೆಲ್ಲ ನಾನು "ಸಾಗಾಣಿಕೆ" ಎಂಬ ಬೇರೆ ಶೀರ್ಷಿಕೆಯಡಿ ಹಾಕಿದೆ. ಸಾಗಾಣಿಕೆ ಊಟದ ಖರ್ಚಿನಲ್ಲಿ ಬರುವುದಿಲ್ಲ!

ಗಿರಣಿಯವನು ಚೀಲ ನೋಡಿ ಎದ್ದು ನಿಂತ.

"ಯಾರ ಮದುವಿ ಸರ್?"

"ಮದುವಿ ಅಲ್ಲಪಾ. ಮನಿಗೆ."

"ಎಷ್ಟ್ ಮಂದಿ ಅದೀರಿ ಮನ್ಯಾಗ?"

"ಇಬ್ಬರು."

ಅವನು ನನ್ನನ್ನೊಮ್ಮೆ, ಚೀಲವನ್ನೊಮ್ಮೆ ನೋಡಿ ಗಿರಣಿಯ ಬೆಲ್ಟು ಹಚ್ಚಿದ.

ನಾನು ಹಿಟ್ಟು ತೆಗೆದುಕೊಂಡು ಮನೆ ಮುಟ್ಟುವ ಮೊದಲೇ ಸುದ್ದಿ ಓಣಿ ಮುಟ್ಟಿತ್ತು. ನಮ್ಮ ಕಡೆ ಯಾರಾದರೂ ಚೀಲಗಟ್ಟಲೆ ಜೋಳ ಬೀಸಿಸಿದರೆ ಮನೆಯಲ್ಲಿ ಕಾರ್ಯವಿದೆ ಎಂದೇ ಅರ್ಥ. ಆಗ ಓಣಿಯ ಹೆಂಗಸರೆಲ್ಲ ಕೂಡಿ ಬಂದು ರೊಟ್ಟಿ ಬಡಿದುಕೊಡುತ್ತಾರೆ. ಸಂಜೆ ನೋಡುತ್ತೇನೆ, ಪಕ್ಕದ ಮನೆಯ ರಜಿಯಾಬಿಯ ಮುಂದಾಳತ್ವದಲ್ಲಿ ಹೆಂಗಸರ ಒಂದು ದಂಡೇ ಹಂಚು, ಹಿಟ್ಟು ಕಲಸುವ ಪರಾತ ಹಿಡಿದು ಬಾಗಿಲಲ್ಲಿ ನಿಂತಿದೆ!

"ಏನ್ ಭಾಯ್, ಶಿವಲೀಲಾ ಒಂದು ಮಾತೂ ಹೇಳಲಿಲ್ಲಲ್ಲ! ಕಾರ್ಯ ಯಾವಾಗ?" ಎಂದರು ರಜಿಯಾಬಿ.

"ಕಾರ್ಯ ಏನಿಲ್ರಿ."

"ಇರ್ಲಿ ಬಿಡ್ರಿ, ಬಂದೀವಿ. ಒಲಿ ಹಚ್ಚಿ ಎಲ್ಲಾ ಖಡಕ್ ರೊಟ್ಟಿ ಮಾಡಿ ಇಟ್ಟುಬಿಡ್ತೀವಿ. ನೀವು ಒಂದಿಷ್ಟು ಚಹಾ ಉಪ್ಪಿಟ್ಟು ನೋಡ್ಕೊಳ್ರಿ, ಸಾಕು."

ನಾನು ದಂಡನ್ನು ಕಣ್ಣಲ್ಲೇ ಎಣಿಸಿದೆ. ಅಷ್ಟು ಜನಕ್ಕೆ ಚಹಾ, ಉಪ್ಪಿಟ್ಟು! ವೇಳಾಪಟ್ಟಿಯಲ್ಲಿ ಅಂದು ಉಪ್ಪಿಟ್ಟು ಇರಲೇ ಇಲ್ಲ. ಕೈಮುಗಿದು, ಅತ್ಯಂತ ವಿನಯದಿಂದ, ಎಲ್ಲರನ್ನೂ ವಾಪಸು ಕಳಿಸಿದೆ. ತಿಂಗಳುಗಟ್ಟಲೆ ಕೆಡದೆ ಉಳಿಯುವ ರೊಟ್ಟಿ ಬಾಗಿಲವರೆಗೆ ಬಂದು, ಒಂದು ತಟ್ಟೆ ಉಪ್ಪಿಟ್ಟಿಗಾಗಿ ತಿರುಗಿ ಹೋಯಿತು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಶಿವಲೀಲಾ ತಾಯಿಯನ್ನು ಒಪ್ಪಿಸಲಾಗದೆ ಒಬ್ಬಳೇ ತಿರುಗಿ ಬಂದಳು. ನಾನು ಅವಳನ್ನು ಅಡುಗೆಮನೆಗೆ ಕರೆದೊಯ್ದು ನೀಲಿ ಡ್ರಮ್ಮಿನ ಮುಚ್ಚಳ ತೆಗೆದೆ. ಅಂಚಿನವರೆಗೂ ಹಿಟ್ಟು!

"ಅಷ್ಟೂ ಬೀಸಿಸಿದ್ರಾ?" ಎಂದಳು.

"ಅಷ್ಟೂ!"

ಅವಳು ಅಲ್ಲೇ ಕುಳಿತುಬಿಟ್ಟಳು. "ಜ್ವಾಳದ ಹಿಟ್ಟು ಇಟ್ಟಷ್ಟೂ ಜಿಗಿ, ಅಂಟು ಹೋಗ್ತದ್ರೀ. ಜಿಗಿ ಹೋದ್ರ ರೊಟ್ಟಿ ಬಡಿಯಾಕ ಬರಂಗಿಲ್ಲ. ನಾ ವಾರವಾರ ಡಬ್ಬಿ ಹೊತ್ಕೊಂಡು ಹೋಗೋದು ಬಜಿ ತಿನ್ನಾಕ ಅಂತ ತಿಳಕೊಂಡೀರೇನು?"

ಹೌದು, ನಾನು ಹಾಗೆಯೇ ತಿಳಿದುಕೊಂಡಿದ್ದೆ. ಆದರೆ ಅಧಿಕಾರದಲ್ಲಿದ್ದವನು ಅದನ್ನು ಒಪ್ಪಿಕೊಳ್ಳುವಂತಿಲ್ಲ. "ಹಿಟ್ಟು ಅಂದ್ರ ಹಿಟ್ಟು. ಅದೇನು ಹಾಲು ಅಲ್ಲ, ಒಡೀಲಿಕ್ಕೆ" ಎಂದೆ.

ಮೊದಮೊದಲು ರೊಟ್ಟಿಗಳು ಹೂವಿನಂತೆ ಉಬ್ಬಿದವು. ನಾನು ದಿನಾ ಊಟಕ್ಕೆ ಕುಳಿತಾಗ "ಎಲ್ಲಿ ಹೋತು ನಿನ್ನ ಜಿಗಿ?" ಎಂದು ಕೇಳುತ್ತಿದ್ದೆ. ಅವಳು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಆಮೇಲೆ ರಾಯಚೂರಿನ ಬೇಸಿಗೆ ಕಾಲಿಟ್ಟಿತು. ರೊಟ್ಟಿಯ ಅಂಚು ಸೀಳತೊಡಗಿತು. ನಂತರ ನಡುವೆ ಬಿರುಕು ಬಂತು. ಕೊನೆಗೊಂದು ದಿನ ರೊಟ್ಟಿ ಬಡಿಯುವಾಗಲೇ ಚೂರಾಯಿತು, ಜಿಗಿ ಎಲ್ಲಿ ಹೋಯಿತೆಂದು ಕೇಳುವ ಅಗತ್ಯವೇ ಬೀಳಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಅತ್ತೆ ಆಪರೇಷನ್ನಿಗೆ ಒಪ್ಪಿಕೊಂಡು ಬಂದಿಳಿದಳು! ಒಲೆಯ ಮೇಲೆ ಕೈ ಇಟ್ಟು ಸುಟ್ಟುಕೊಂಡ ಮೇಲೆ ಅವಳಿಗೂ ಸಾಕಾಗಿತ್ತು. ಶಿವಲೀಲಾಳ ಸಂತೋಷ ಹೇಳತೀರದು. ಡಾಕ್ಟರು ಕಣ್ಣು ನೋಡಿದರು, ರಕ್ತ ನೋಡಿದರು, ತಲೆ ಅಲ್ಲಾಡಿಸಿದರು.

"ಸಕ್ಕರಿ ಬಾಳ ಅದಮ್ಮ. ಅದು ಇಳಿಯೋತನಕ ಆಪರೇಷನ್ ಇಲ್ಲ. ಗುಳಿಗಿ ತಪ್ಪಸಬ್ಯಾಡ್ರಿ, ಅನ್ನ ಬಿಡ್ರಿ, ಜ್ವಾಳದ ರೊಟ್ಟಿ ಪಲ್ಯ ತಿನ್ರಿ."

ಒಂದು ಕ್ಷಣ ನನಗೆ ಹೆಮ್ಮೆಯೆನಿಸಿತು. ನನ್ನ ಡ್ರಮ್ಮಿಗೆ ವೈದ್ಯಕೀಯ ಮಾನ್ಯತೆ ಸಿಕ್ಕಿತ್ತು! ಮರುಕ್ಷಣ ಹೆಂಡತಿಯ ಮುಖ ನೋಡಿದೆ.

ಅಂದು ರಾತ್ರಿ ಅತ್ತೆಯ ತಟ್ಟೆಗೆ ರೊಟ್ಟಿಯ ಚೂರುಗಳು ಬಿದ್ದವು. ಅವಳು ಬೆರಳಾಡಿಸಿ ನೋಡಿ, "ಇದೇನ್ ಬೇ, ನುಚ್ಚಾ?" ಎಂದು ಕೇಳಿದಳು. ಎರಡು ತುತ್ತು ತಿಂದು ತಟ್ಟೆ ಸರಿಸಿದಳು.

"ಎರಡು ಸೇರು ಹೊಸ ಜ್ವಾಳ ಬೀಸಿಸ್ಕೊಂಡು ಬರ್ರಿ" ಎಂದಳು ಶಿವಲೀಲಾ.

"ಇದ್ದ ದಾಸ್ತಾನು ಮುಗಿಯೋತನಕ ಹೊಸ ಖರೀದಿ ಮಾಡೋ ಹಂಗಿಲ್ಲ" ಎಂದೆ. ನಿಯಮ ಹೇಳಿದೆನೇ ಹೊರತು ನಿಜವಾದ ಕಾರಣ ಬೇರೆ. ಎರಡು ಸೇರು ಹಿಡಿದು ಹೋದರೆ ಆ ಗಿರಣಿಯವನು "ಆ ಚೀಲ ಖರ್ಚಾತೇನ್ ಸರ್?" ಎಂದು ನಗುವುದು ಖಂಡಿತ. ಹೆಂಡತಿಯನ್ನು ಕಳಿಸಿದರೂ ನಗು ನನ್ನ ಮೇಲೆಯೇ. ನಾನು ನಿಯಮಕ್ಕಿಂತ ಆ ನಗೆಗೆ ಹೆದರಿದ್ದೆ.

ಜಿಗಿಯಿಲ್ಲದ ಹಿಟ್ಟನ್ನು ಸರಿದಾರಿಗೆ ತರುವ ಹೊಣೆಯನ್ನು ಮರುದಿನ ನಾನೇ ಹೊತ್ತೆ. ಕುದಿಯುವ ಎಸರು ಸುರಿದು ಕಲಸಿದರೆ ಜಿಗಿ ಬರುತ್ತದೆಂದು ಮೊಬೈಲಿನಲ್ಲಿ ನೋಡಿದ್ದೆ. ಬೆರಳು ಸುಡುತ್ತದೆ ಎಂದು ಅದರಲ್ಲಿ ಹೇಳಿರಲಿಲ್ಲ. ಒಂದು ಕೈಯನ್ನು ತಣ್ಣೀರಿನಲ್ಲಿ ಅದ್ದಿಟ್ಟು ಇನ್ನೊಂದು ಕೈಯಿಂದ ಬಡಿದೆ. ತಪ್ ತಪ್ ಎಂದು ಶಬ್ದ ಚೆನ್ನಾಗಿಯೇ ಬಂತು. ಎತ್ತುವಾಗ ಅರ್ಧ ಹಂಚಿನ ಮೇಲೆ ಹೋಯಿತು, ಅರ್ಧ ನನ್ನ ಪಾದದ ಮೇಲೆ ಬಿತ್ತು!

"ಏನದು ಸಪ್ಪಳ?" ಹೊರಗಿನಿಂದ ಅತ್ತೆ ಕೇಳಿದಳು. "ಗ್ವಾಡಿ ಬಡಿಯಾಕತ್ತಾರೇನು?"

ಸಂಜೆ ನಾನು ಕಚೇರಿಯಿಂದ ಬಂದಾಗ ಅತ್ತೆ ತನ್ನ ಸೀರೆಗಳನ್ನು ಗಂಟು ಕಟ್ಟಿಕೊಂಡು ಕುಳಿತಿದ್ದಳು. "ಯಪ್ಪಾ, ನಾಳಿ ನನ್ನ ಬಸ್ಸಿಗೆ ಹತ್ತಿಸು. ಹೊಟ್ಟಿಗೆ ಕೂಳಿಲ್ಲದ ಕಣ್ಣು ತಗೊಂಡು ಏನ್ ಮಾಡ್ಲಿ?" ಎಂದಳು.

ಶಿವಲೀಲಾ ನನ್ನನ್ನು ಅಡುಗೆಮನೆಗೆ ಕರೆದಳು. ಅವಳು ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳ ಕಣ್ಣು ತುಂಬಿತ್ತು.

"ನಮ್ಮವ್ವ ಬಂದ ದಿನ ನನ್ನ ಮಾರಿ ಕೈಲೆ ಸವರಿ ನೋಡಿದ್ಲು, ನೋಡಿದ್ರಿಲ್ಲ? ಎಷ್ಟ್ ವರ್ಷ ಕಾಲು ಬಿದ್ದು ಕರ್ಕೊಂಡು ಬಂದೀನಿ. ಈಗ ಹೋದ್ಲಂದ್ರ ಮತ್ತ ಬರಂಗಿಲ್ಲ. ನಿಮಗ ಆಕಿ ಕಣ್ಣಿಗಿಂತ ನಿಮ್ಮ ಡ್ರಮ್ ಖಾಲಿ ಆಗೋದ ದೊಡ್ಡದಾತಲ್ರೀ."

ನನಗೆ ಬಹಳ ನಾಚಿಕೆಯಾಯಿತು. ಗಿರಣಿಯವನು ಬೇಕಾದಷ್ಟು ನಗಲಿ ಎಂದು ಡಬ್ಬಿ ಹಿಡಿದು ಹೊರಟು, ಅಂಗಡಿಯಲ್ಲಿ ಹೊಸ ಜೋಳ ತುಂಬಿಸಿಕೊಂಡು ಓಡಿದೆ. ಗಿರಣಿಯಲ್ಲಿ ಕರೆಂಟೇ ಇರಲಿಲ್ಲ! ಅಲ್ಲಿಂದ ಹಿಂದಿನ ಓಣಿಯ ರೊಟ್ಟಿ ಮಾರುವಾಕೆಯ ಮನೆಗೆ ಹೋಗಿ, ಬಿಸಿ ರೊಟ್ಟಿಗಳನ್ನು ಪೇಪರಿನಲ್ಲಿ ಸುತ್ತಿಸಿ, ಕಚೇರಿಯ ಚೀಲದಲ್ಲಿ ಅಡಗಿಸಿ ತಂದೆ. ಅತ್ತೆ ತಿಂದಳು. ಇನ್ನೊಂದು ಕೇಳಿ ಹಾಕಿಸಿಕೊಂಡಳು.

"ಇದು ನೋಡಪಾ ನನ್ನ ಮಗಳ ಕೈ! ಓಣ್ಯಾಗ ಇಂಥ ತೆಳ್ಳನ್ನ ರೊಟ್ಟಿ ಯಾರೂ ಬಡಿಯಂಗಿಲ್ಲ. ನಾಳಿನೂ ಇಂಥವ ಮಾಡು ಬೇ" ಎಂದು ಗಂಟು ಬಿಚ್ಚಿದಳು.

ಇಲ್ಲಿಗೆ ನಾವು ಸಿಕ್ಕಿಬಿದ್ದೆವು. ಮಗಳ ಮನೆಯಲ್ಲಿ ರೊಟ್ಟಿ ಕೊಂಡು ತಿನ್ನುತ್ತಾರೆ ಎಂದು ಗೊತ್ತಾದರೆ ಮುದುಕಿ ಕುರ್ಡಿಯಲ್ಲಿ ತಲೆ ಎತ್ತಿ ತಿರುಗುವುದಿಲ್ಲ ಎಂದು ಶಿವಲೀಲಾ ಹೆದರಿದಳು. ಮರುದಿನ ಹೊಸ ಹಿಟ್ಟು ಬಂತಾದರೂ, ಅತ್ತೆ ತುತ್ತು ಮುರಿದು "ನಿನ್ನಿವು ಇದರಕಿಂತ ಚಲೋ ಇದ್ವು" ಎಂದುಬಿಟ್ಟಳು! ಹೆಂಡತಿಯ ಮುಖ ಸಣ್ಣದಾಯಿತು. ಆಪರೇಷನ್ ಆಗುವವರೆಗೆ ರೊಟ್ಟಿ ಮಾರುವಾಕೆಯೇ ಗತಿ ಎಂದು ತೀರ್ಮಾನವಾಯಿತು.

ಒಂದೇ ತೊಡಕು, ಕಣ್ಣು ಕಾಣದಿದ್ದರೂ ಅತ್ತೆಯ ಕಿವಿ ಬಹಳ ಚುರುಕು. ರೊಟ್ಟಿ ಬರಬೇಕಾದರೆ ಬಡಿಯುವ ಸಪ್ಪಳ ಬರಬೇಕು! ಹಾಗಾಗಿ ದಿನಾ ಸಂಜೆ ನಾನು ಪೇಪರಿನ ಗಂಟು ಬಿಚ್ಚಿ ರೊಟ್ಟಿಗಳನ್ನು ಹಂಚಿನ ಮೇಲೆ ಬಿಸಿ ಮಾಡುವುದು, ಪಕ್ಕದಲ್ಲಿ ಶಿವಲೀಲಾ ಡ್ರಮ್ಮಿನ ಹಿಟ್ಟಿನದೊಂದು ಮುದ್ದೆಯನ್ನು ಸುಮ್ಮನೆ ತಪ್ ತಪ್ ಎಂದು ಬಡಿಯುವುದು. ನನ್ನ ಮೇಲಿನ ಸಿಟ್ಟನ್ನೆಲ್ಲ ಅವಳು ಆ ಮುದ್ದೆಯ ಮೇಲೆ ತೀರಿಸಿಕೊಂಡಳು. ಒಂದು ಚೀಲ ಹಿಟ್ಟು ಮನೆಯಲ್ಲಿಟ್ಟುಕೊಂಡು, ದಿನದಿನದ ರೊಟ್ಟಿ ಹೊರಗೆ ಕೊಂಡು, ಬರೀ ಸದ್ದಿಗಾಗಿ ಮನೆಯ ಹಿಟ್ಟು ಹಾಳು ಮಾಡುವ ಮಿತವ್ಯಯ ರಾಯಚೂರು ಜಿಲ್ಲೆಯಲ್ಲಿ ಬೇರೆ ಯಾರೂ ಮಾಡಿರಲಾರರು. ಈ ಖರ್ಚನ್ನು ಯಾವ ಶೀರ್ಷಿಕೆಯಡಿ ಹಾಕಬೇಕೆಂದು ತಿಳಿಯದೆ ನಾನು ಲೆಕ್ಕ ಬರೆಯುವುದನ್ನೇ ಬಿಟ್ಟೆ.

ಆದರೆ ಸಕ್ಕರೆ ಇಳಿಯಿತು! ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಅತ್ತೆ ಮಗಳ ಮುಖವನ್ನೇ ಬಹಳ ಹೊತ್ತು ನೋಡಿದಳು. "ಇಷ್ಟ್ ಬಿಳಿಗೂದ್ಲ ಯಾವಾಗ ಬಂದ್ವು ಬೇ ನಿನಗ?" ಎಂದಳು. ಶಿವಲೀಲಾ ನಗುತ್ತಲೇ ಅತ್ತಳು.  ಇಷ್ಟು ದಿನದ ಖರ್ಚೆಲ್ಲ ಸಾರ್ಥಕ ಎಂದು ನನಗೂ ಎನಿಸಿತು.

ಸಂಜೆ ನಾನು ಎಂದಿನಂತೆ ಚೀಲ ಹಿಡಿದು ಬಂದೆ. ಅತ್ತೆ ಎಂದಿನಂತೆ ಹೊರಗೆ ಕುಳಿತಿರಲಿಲ್ಲ. ಅಡುಗೆಮನೆಯಲ್ಲಿ, ಒಲೆಯ ಎದುರಿಗೇ, ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದಳು!

"ನಿನ್ನ ಕೈಯಾಗ ರೊಟ್ಟಿ ತಿರುಗೋದು ನೋಡಿ ಎಷ್ಟ್ ದಿನಾತು. ಬಡಿ, ಕಣ್ಣ ತುಂಬ ನೋಡ್ತೀನಿ" ಎನ್ನುತ್ತಿದ್ದಳು ಮಗಳಿಗೆ.

ಶಿವಲೀಲಾ ನನ್ನನ್ನು ನೋಡಿದಳು. ನಾನು ಫ್ರಿಜ್ಜಿನ ವೇಳಾಪಟ್ಟಿಯನ್ನು ನೋಡಿದೆ. ಅದರಲ್ಲಿ ಈ ಸಂದರ್ಭಕ್ಕೆ ಏನೂ ಬರೆದಿರಲಿಲ್ಲ.

"ಯಪ್ಪಾ, ನಿನ್ನ ಆಫೀಸಿನ ಚೀಲದಾಗಿಂದ ಹೊಗಿ ಬರಾಕತ್ತಾದಲ್ಲ!" ಎಂದಳು ಅತ್ತೆ.

ನಾನು ಚೀಲವನ್ನು ಬೆನ್ನ ಹಿಂದೆ ಸರಿಸಿದೆ. ಅಷ್ಟರಲ್ಲಿ ಅವಳು ಎದ್ದು ಡ್ರಮ್ಮಿನ ಮುಚ್ಚಳ ತೆಗೆದು, ಕನ್ನಡಕ ಮೇಲೆತ್ತಿ, ಬಾಗಿ ನೋಡಿದಳು.

"ಯವ್ವಾ! ಇದರಾಗ ಹುಳ ಹರದಾಡಾಕತ್ಯಾವಲ್ಲ! ನಿಮಗ ಕಾಣಸಲಿಲ್ಲೇನು?"

ಇಬ್ಬರೂ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆವು. ಹೌದು, ಹುಳ! ಡಾಕ್ಟರ ಕೈಗುಣ ನಿಜಕ್ಕೂ ದೊಡ್ಡದು.

ಆಮೇಲೆ ಎಲ್ಲವನ್ನೂ ಹೇಳಲೇಬೇಕಾಯಿತು. ದೇವದುರ್ಗ, ಗಿರಣಿ, ರೊಟ್ಟಿ ಮಾರುವಾಕೆ, ತಪ್ ತಪ್ ಸದ್ದು, ಎಲ್ಲ. ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಶಿವಲೀಲಾಳೂ ನಕ್ಕಳು. ಗಿರಣಿಯವನ ಒಂದು ನಗೆಯಿಂದ ತಪ್ಪಿಸಿಕೊಳ್ಳಲು ನಾನು ಪಟ್ಟ ಪಾಡೆಲ್ಲ ವ್ಯರ್ಥವಾಯಿತು.

"ಚೆಲ್ಲಬ್ಯಾಡ್ರಿ. ನಮ್ಮ ಎಮ್ಮಿಗೆ ಆಗ್ತದ, ತಗೊಂಡು ನಡಿ ಯಪ್ಪಾ" ಎಂದಳು ಅತ್ತೆ.

ಹೀಗಾಗಿ ಅವಳನ್ನು ಊರಿಗೆ ಬಿಡಲು ಹೋದ ದಿನ ಹಿಟ್ಟಿನ ಚೀಲವೂ ಮಾನ್ವಿ ಬಸ್ಸು ಹತ್ತಿತು. ಮತ್ತೆ ಹಮಾಲ, ಮತ್ತೆ ಲಗೇಜ್ ಟಿಕೆಟ್ಟು! ಕುರ್ಡಿಯಲ್ಲಿ ಅತ್ತೆಯ ಕಣ್ಣು ನೋಡಲು ಅಕ್ಕಪಕ್ಕದವರೆಲ್ಲ ಬಂದರು. ಆಪರೇಷನ್ ಹೇಗಾಯಿತೆಂದು ಕೇಳಿದವರಿಗೆಲ್ಲ ಅವಳು ಮೊದಲು ನನ್ನನ್ನು ತೋರಿಸಿದಳು.

"ನಮ್ಮ ಅಳಿಯನ್ನ ನೋಡ್ರಿ. ದೇವದುರ್ಗದಾಗ ಜ್ವಾಳ ಕೊಂಡು, ರಾಯಚೂರಾಗ ಬೀಸಿಸಿ, ನಮ್ಮ ಎಮ್ಮಿಗೆ ಇಲ್ಲಿತನಕ ಬಸ್ಸಿನಾಗ ತಂದಾನ. ಇಂಥ ಅಳಿಯ ಯಾರಿಗದಾನ?"

ಎಮ್ಮೆ ಬಾನಿಯಲ್ಲಿ ಮೂತಿ ಇಟ್ಟು, ತಲೆಯೆತ್ತದೆ, ತಳ ನೆಕ್ಕುವವರೆಗೂ ತಿಂದಿತು. ನನ್ನ ಊಟದ ಯೋಜನೆ ಪೂರ್ತಿಯಾಗಿ ಹಿಡಿಸಿದ್ದು ಅದೊಂದಕ್ಕೇ!